ಎರಡು ಗಂಟೆಯ ಆಟಕ್ಕೆ ಎಷ್ಟು ಬೆಲೆ?

ಜುಲೈ ತಿಂಗಳ ಮಣಿಪಾಲದಲ್ಲಿ ಬೆಳಿಗ್ಗೆ ಹಿಡಿದ ಮಳೆ ಸಂಜೆಯಾದರೂ ಬಿಡುವುದಿಲ್ಲ. ಟೈಗರ್ ಸರ್ಕಲ್ಲಿನಲ್ಲಿ ಕೊಡೆಗೆ ಕೊಡೆ ತಾಗುತ್ತದೆ. ಎಂಡ್ ಪಾಯಿಂಟಿನ ಹುಲ್ಲು ನೀರು ಕುಡಿದು ಕೂತಿರುತ್ತದೆ. ಹಗ್ಗಕ್ಕೆ ಹಾಕಿದ ಜೀನ್ಸ್ ಮೂರನೆಯ ದಿನಕ್ಕೂ ಒದ್ದೆ. ಮೈದಾನಕ್ಕಿಳಿಯಲಾಗದ ಹುಡುಗರು ವಿದ್ಯಾರತ್ನನಗರದ ಪಿಜಿಗಳಲ್ಲಿ, ಕಾಲೇಜಿನ ಹಾಸ್ಟೆಲುಗಳಲ್ಲಿ ಒಂದು ಲ್ಯಾಪ್‌ಟಾಪಿನ ಸುತ್ತ ಸೇರುತ್ತಾರೆ. ಕಂಟ್ರೋಲರ್ ಎರಡು, ಮಂದಿ ಆರು. ಸೋತವನು ಏಳಬೇಕು, ಗೆದ್ದವನು ಕೂತೇ ಇರಬಹುದು. ಗೋಲು ಬಿದ್ದಾಗ ಹಿಂದಿ, ಮಲಯಾಳ, ತೆಲುಗು, ತುಳು ಬೈಗುಳಗಳೆಲ್ಲ ಒಂದೇ ಕೋಣೆಯಿಂದ ಒಟ್ಟಿಗೆ ಹೊರಬೀಳುತ್ತವೆ.

ಅವರು ಆಡುವುದು ಹೆಚ್ಚಾಗಿ ಫುಟ್‌ಬಾಲ್. ಆ ಆಟದ ಹೆಸರು 2023ರಿಂದ ‘ಇಎ ಸ್ಪೋರ್ಟ್ಸ್ ಎಫ್‌ಸಿ’ ಎಂದಾಗಿದ್ದರೂ ಹಾಸ್ಟೆಲಿನವರ ಬಾಯಲ್ಲಿ ಅದಿನ್ನೂ ‘ಫಿಫಾ’ವೇ. ತಂಡ ಆರಿಸು, ಆಡು, ಗೆಲ್ಲು, ಮತ್ತೆ ಆಡು. ಇದಕ್ಕೆ ಕೊನೆಯಿಲ್ಲ, ಕೊನೆ ಬೇಕೆಂದು ಯಾರೂ ಕೇಳುವುದೂ ಇಲ್ಲ.

ಅದೇ ಕೋಣೆಗೆ ಇನ್ನೊಂದು ಫುಟ್‌ಬಾಲ್ ಆಟ ತಂದಿಟ್ಟರೆ ಏನಾದೀತು ನೋಡಿ. ಅದರಲ್ಲಿ ತಂಡವಿಲ್ಲ, ಅಂಕವಿಲ್ಲ, ಕಪ್ಪೂ ಇಲ್ಲ. ನೀವು ಎಂಟು ವರ್ಷದ ಹುಡುಗ. ಪಾರ್ಕಿನಲ್ಲಿ ಚೆಂಡು ಒದೆಯುತ್ತ ತಿರುಗಬೇಕು. ದೊಡ್ಡವರು ಹಣಕಾಸಿನ ಚಿಂತೆ ಮಾತಾಡುತ್ತಿರುತ್ತಾರೆ. ಅಂಗಡಿಯ ಟಿ.ವಿ.ಯಲ್ಲಿ ದೇಶದ ಮ್ಯಾಚು ಓಡುತ್ತಿರುತ್ತದೆ. ಹೊತ್ತಿಗೆ ಸರಿಯಾಗಿ ಮನೆ ಸೇರದಿದ್ದರೆ ಅಮ್ಮ ಗದರುತ್ತಾಳೆ. ಎರಡು ಗಂಟೆಯೊಳಗೆ ಎಲ್ಲ ಮುಗಿದುಹೋಗುತ್ತದೆ. ಆರು ಮಂದಿಯಲ್ಲಿ ಇಬ್ಬರು ಸುಮ್ಮನಾಗಬಹುದು, ಒಬ್ಬ ‘ಇದು ಆಟವಾ ಮಾರಾಯ?’ ಎನ್ನಬಹುದು, ಉಳಿದವರು ಮೊಬೈಲ್ ತೆಗೆಯಬಹುದು.

ಈ ಆಟ ನಿಜಕ್ಕೂ ಇದೆ. ಹೆಸರು ‘ದೆಸ್ಪೆಲೋತೆ’. ಈಕ್ವೆಡಾರ್ ದೇಶದ ಹೂಲಿಯಾನ್ ಕೊರ್ದೇರೊ ಮತ್ತು ಸೆಬಾಸ್ಟಿಯಾನ್ ವಲ್ಬುವೇನಾ ಸೇರಿ ಮಾಡಿದ್ದು. 2025ರ ಮೇ 1ರಂದು ಬಿಡುಗಡೆಯಾಯಿತು. ಆಡಿದವರಲ್ಲಿ ಅದನ್ನು ಎದೆಗಪ್ಪಿಕೊಂಡವರೂ ಇದ್ದಾರೆ, ದುಡ್ಡು ದಂಡ ಎಂದವರೂ ಇದ್ದಾರೆ. ಕ್ರೀಡೆಯ ವಿಡಿಯೊ ಗೇಮಿಗೆ ಕತೆ ಯಾಕೆ ಬೇಕು, ಬೇಕಿದ್ದರೆ ಎಷ್ಟು ಉದ್ದ ಎಂಬ ಹತ್ತು ಹದಿನೈದು ವರ್ಷಗಳ ಜಗಳದಲ್ಲಿ ಇದು ಹೊಸ ಸುತ್ತು.

ಮೊದಲೊಂದು ಮಾತು. ನಮ್ಮಲ್ಲಿ ‘ಆನ್‌ಲೈನ್ ಗೇಮ್’ ಎಂದೊಡನೆ ಮನೆಯ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ರಮ್ಮಿ, ಹಣ ಕಟ್ಟುವ ಫ್ಯಾಂಟಸಿ ಕ್ರಿಕೆಟ್ ಇವೇ ಕಣ್ಣೆದುರು ಬರುತ್ತವೆ. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ನಿಷೇಧಿಸಿದ್ದು ಹಣವೊಡ್ಡುವ ಅಂಥ ಆಟಗಳನ್ನು. ಇಲ್ಲಿ ಹೇಳಹೊರಟಿರುವುದು ಬೇರೆಯದೇ ಜಾತಿ. ಸಿನಿಮಾ ಟಿಕೆಟಿನಂತೆ ಒಮ್ಮೆ ದುಡ್ಡು ಕೊಟ್ಟರಾಯಿತು, ಆಮೇಲೆ ಕಳೆದುಕೊಳ್ಳಲು ಏನೂ ಇಲ್ಲ, ಎರಡು ಗಂಟೆ ಬಿಟ್ಟರೆ.

ಕಿಟೊ, 2001

ಆಟದ ಹಿನ್ನೆಲೆ ಗೊತ್ತಿಲ್ಲದಿದ್ದರೆ ಅದರ ಅರ್ಧ ಸ್ವಾರಸ್ಯ ಹೋಯಿತು. 1999ರಲ್ಲಿ ಈಕ್ವೆಡಾರಿನ ಬ್ಯಾಂಕುಗಳು ಕುಸಿದವು. ಜನರ ಠೇವಣಿಗಳನ್ನು ಸರ್ಕಾರ ಸ್ತಂಭಿಸಿತು. 2000ದಲ್ಲಿ ದೇಶ ತನ್ನ ನಾಣ್ಯ ಸೂಕ್ರೆಯನ್ನೇ ಬಿಟ್ಟು ಅಮೆರಿಕದ ಡಾಲರಿಗೆ ಬದಲಾಯಿತು. ಲಕ್ಷಾಂತರ ಮಂದಿ ಕೆಲಸ ಹುಡುಕಿಕೊಂಡು ಸ್ಪೇನ್, ಅಮೆರಿಕಗಳಿಗೆ ಹೋದರು. ಇಂಥ ಹೊತ್ತಿನಲ್ಲಿ ಅಲ್ಲಿನ ಫುಟ್‌ಬಾಲ್ ತಂಡ ಯಾರೂ ಎಣಿಸದಂತೆ ಗೆಲ್ಲತೊಡಗಿತು. ಅದುವರೆಗೆ ಆ ದೇಶ ಒಮ್ಮೆಯೂ ವಿಶ್ವಕಪ್ ಆಡಿರಲಿಲ್ಲ. 2001ರ ನವೆಂಬರ್ 7ರಂದು ಕಿಟೊ ನಗರದಲ್ಲಿ ಉರುಗ್ವೆ ಎದುರಿನ ಪಂದ್ಯದಲ್ಲಿ ಈಕ್ವೆಡಾರ್ ಒಂದು ಗೋಲಿನಿಂದ ಹಿಂದಿತ್ತು. ಇವಾನ್ ಕವಿಯೇದೆಸ್ ತಲೆಯಿಂದ ಹೊಡೆದ ಗೋಲು ಅದನ್ನು 1–1ಕ್ಕೆ ತಂದಿತು. 2002ರ ವಿಶ್ವಕಪ್ಪಿಗೆ ಅಷ್ಟು ಸಾಕಾಯಿತು. ದಕ್ಷಿಣ ಅಮೆರಿಕದ ಅರ್ಹತಾ ಪಟ್ಟಿಯಲ್ಲಿ ಈಕ್ವೆಡಾರ್ ಎರಡನೆಯದು, ಬ್ರೆಜಿಲ್ ಅದರ ಕೆಳಗೆ.

ಬೇರೆ ಯಾವ ಕಂಪನಿಯಾದರೂ ಆಗಿದ್ದರೆ ನಮ್ಮನ್ನು ಕವಿಯೇದೆಸ್ ಮಾಡಿ, ಆ ಗೋಲು ಹೊಡೆಯಲು ಹೇಳುತ್ತಿತ್ತು. ದೆಸ್ಪೆಲೋತೆಯಲ್ಲಿ ನಾವು ಆ ಪಂದ್ಯಗಳನ್ನು ನೋಡುವುದು ಯಾರದೋ ಭುಜದ ಸಂದಿಯಿಂದ. ಪಂದ್ಯ ನಡೆದಿರುವಾಗ ನಾವು ಚೆಂಡನ್ನು ಗೋಡೆಗೆ ಒದೆಯುತ್ತಿರಬಹುದು, ಬೆಂಚಿನ ಮೇಲಿಟ್ಟ ಬಾಟಲಿ ಬೀಳಿಸುತ್ತಿರಬಹುದು. ಹಿನ್ನೆಲೆಯ ನಗರ ಮಸುಕಾದ ಎರಡು ಬಣ್ಣದ ಫೋಟೊದಂತಿದೆ. ಮನುಷ್ಯರು ಮಾತ್ರ ಕಪ್ಪು–ಬಿಳಿ ರೇಖೆಯ ಚಿತ್ರಗಳು. ಸದ್ದುಗಳನ್ನು ಕಿಟೊದಲ್ಲೇ ಧ್ವನಿಮುದ್ರಿಸಿಕೊಂಡದ್ದು. ಜನ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡುತ್ತಾರೆ, ಅರ್ಧಕ್ಕೆ ಬಿಡುತ್ತಾರೆ, ನಗುತ್ತಾರೆ. ಆಟದ ಆ ಎಂಟು ವರ್ಷದ ಹುಡುಗನೂ ಹೂಲಿಯಾನನೇ; ನಡುನಡುವೆ ದೊಡ್ಡವನಾದ ಅವನ ದನಿ ಬಂದು ಆ ದಿನಗಳನ್ನು ನೆನೆಯುತ್ತದೆ.

ಮೆಚ್ಚಿದವರು ಮೆಚ್ಚಿದ್ದು ಇದನ್ನೇ. ನಾವು ಈಕ್ವೆಡಾರ್ ನೋಡಿಲ್ಲ, ಆದರೂ ಆ ಸಂಜೆ ನಮ್ಮದೇ ಎನಿಸಿತು ಎಂದು ಬೇರೆ ಬೇರೆ ದೇಶದವರು ಹೇಳಿದ್ದಾರೆ. 2025ರ ‘ದಿ ಗೇಮ್ ಅವಾರ್ಡ್ಸ್’ ಪ್ರಶಸ್ತಿಗೆ ಅದು ನಾಮನಿರ್ದೇಶನಗೊಂಡಿತ್ತು. ಮೆಚ್ಚದವರ ದೂರು ಮೂರು ಬಗೆ: ಮಾಡಲು ಏನೂ ಇಲ್ಲ, ಬೇಗ ಮುಗಿಯಿತು, ಇಷ್ಟಕ್ಕೆ 15 ಡಾಲರ್ ಹೆಚ್ಚಾಯಿತು. ಈ ಮೂರೂ ದೂರುಗಳು ಒಂದೇ ಅಲ್ಲ. ಆದರೆ ಚರ್ಚೆಗಳಲ್ಲಿ ಮೂರನ್ನೂ ಕಲಸಿಬಿಡುತ್ತಾರೆ. ಬಿಡಿಸಿ ನೋಡುವುದು ಒಳ್ಳೆಯದು.

ಕತೆ ಬಂದಾಗ ಕೈ ಕಟ್ಟಿತು

1972ರ ‘ಪಾಂಗ್’ ಆಟದಲ್ಲಿ ಇದ್ದದ್ದು ಎರಡು ಗೆರೆ, ಒಂದು ಚುಕ್ಕೆ. ಟೇಬಲ್ ಟೆನಿಸ್ ಎಂದರೆ ಟೇಬಲ್ ಟೆನಿಸ್. ಅಲ್ಲಿಂದ ಮೂವತ್ತು ವರ್ಷ ಕ್ರೀಡೆಯ ಗೇಮುಗಳು ನೋಡಲು ಚೆಂದವಾಗುತ್ತ ಬಂದವೇ ಹೊರತು ಕತೆಯ ಗೋಜಿಗೆ ಅಷ್ಟಾಗಿ ಹೋಗಲಿಲ್ಲ. ನಮ್ಮ ಹಾಸ್ಟೆಲುಗಳಲ್ಲಿ ಒಂದು ತಲೆಮಾರಿನ ಪರೀಕ್ಷೆಯ ಓದನ್ನು ನುಂಗಿದ ಇಎ ಕಂಪನಿಯ ‘ಕ್ರಿಕೆಟ್ 07’ ಬಂದದ್ದು 2006ರ ಕೊನೆಗೆ. ಅದರಲ್ಲಿ 2005ರ ಆ್ಯಷಸ್ ಸರಣಿಯ ಕೆಲವು ಘಳಿಗೆಗಳನ್ನು ಮರುಆಡಿಸುವ ಸವಾಲುಗಳಿದ್ದವು. ಇಷ್ಟು ಓವರ್, ಇಷ್ಟು ರನ್, ಉಳಿಸು. ಕತೆ ಎನ್ನಬಹುದಾದರೆ ಅಷ್ಟೇ. ಆ ಕಂಪನಿ ಆಮೇಲೆ ಕ್ರಿಕೆಟ್ ಮಾಡಲಿಲ್ಲ. ಆದರೂ ಅಭಿಮಾನಿಗಳು ಹೊಸ ಜೆರ್ಸಿ, ಹೊಸ ತಂಡ, ಐಪಿಎಲ್ ಎಲ್ಲವನ್ನೂ ತಾವೇ ಅದಕ್ಕೆ ತುಂಬುತ್ತ ವರ್ಷಗಟ್ಟಲೆ ಬದುಕಿಸಿದರು. ಆಟಗಾರನಿಗೆ ಏನು ಹಿಡಿಸುತ್ತದೆಂದು ಲೆಕ್ಕ ಹಾಕುವ ಕಂಪನಿಗಳು ಇದನ್ನು ಒಮ್ಮೆ ನೋಡಬೇಕು.

ದೊಡ್ಡ ಕಂಪನಿಗಳು ಕತೆಗೆ ಕೈ ಹಾಕಿದ್ದು ಆಮೇಲೆ. 2015ರಲ್ಲಿ ಬಾಸ್ಕೆಟ್‌ಬಾಲ್ ಆಟ ‘ಎನ್‌ಬಿಎ 2ಕೆ16’ಕ್ಕೆ ಹೆಸರಾಂತ ನಿರ್ದೇಶಕ ಸ್ಪೈಕ್ ಲೀ ಕತೆ ಮಾಡಿಕೊಟ್ಟರು. ಈ ಆಟಗಳಲ್ಲಿ ಮೊದಲಿಗೆ ನಿಮ್ಮ ಮುಖ, ಬಣ್ಣ, ಎತ್ತರಗಳನ್ನು ನೀವೇ ಆರಿಸಿ ಒಬ್ಬ ಆಟಗಾರನನ್ನು ಕಟ್ಟಿಕೊಳ್ಳುತ್ತೀರಿ. ನೀವು ಯಾವ ಮುಖ ಕಟ್ಟಿದರೂ ಕತೆ ನಿಮ್ಮನ್ನು ಹಾರ್ಲೆಮಿನ ಒಂದೇ ಕುಟುಂಬದ ಮಗ ಎನ್ನುತ್ತಿತ್ತು, ಒಂದೇ ಅಡ್ಡಹೆಸರಿನಿಂದ ಕರೆಯುತ್ತಿತ್ತು, ಜೊತೆಗೊಬ್ಬ ಅವಳಿ ತಂಗಿಯನ್ನೂ ಕೊಡುತ್ತಿತ್ತು. ನಡುವೆ ಉದ್ದುದ್ದ ಸಿನಿಮಾ ದೃಶ್ಯಗಳು. ಆಟಗಾರರು ನಕ್ಕು ಸುಸ್ತಾದರು. ಸ್ಪೈಕ್ ಲೀ ಸಿನಿಮಾ ಮಾಡಿದ್ದಾರೆ, ನಾವು ನೋಡುತ್ತಿದ್ದೇವೆ, ಆಡುವುದು ಯಾವಾಗ ಎಂಬುದು ಅವರ ಮಾತಿನ ಸಾರ.

ಮರುವರ್ಷ ‘ಫಿಫಾ 17’ರಲ್ಲಿ ‘ದಿ ಜರ್ನಿ’ ಬಂತು. ಲಂಡನ್ನಿನ ಅಲೆಕ್ಸ್ ಹಂಟರ್ ಎಂಬ ಹದಿಹರೆಯದ ಹುಡುಗ, ಹಿಂದೆ ಆಟಗಾರನಾಗಿದ್ದ ಅಜ್ಜ, ಬಾಲ್ಯದ ಗೆಳೆಯನೇ ಎದುರಾಳಿಯಾಗುವುದು. ಕತೆ ಹಳೆಯದು, ಹೇಳಿದ ರೀತಿ ಚೆನ್ನಾಗಿತ್ತು. ಫುಟ್‌ಬಾಲ್ ಗೇಮಿನಲ್ಲಿ ಮೊದಲ ಬಾರಿಗೆ ಡ್ರೆಸ್ಸಿಂಗ್ ರೂಮಿನ ಒಳಗೆ ಹೋದೆವು ಎಂದು ತುಂಬ ಜನ ಖುಷಿಪಟ್ಟರು. ಮೂರು ವರ್ಷ ಅದು ಮುಂದುವರಿಯಿತು, ‘ಫಿಫಾ 19’ರಲ್ಲಿ ಮುಗಿಯಿತು. ಆದರೂ ಮೊದಲ ಭಾಗದ ಒಂದು ತಿರುವಿನ ಬಗ್ಗೆ ಸಿಟ್ಟು ಉಳಿದೇಹೋಯಿತು. ಪ್ರೀಮಿಯರ್ ಲೀಗಿನ ನಿಮ್ಮಿಷ್ಟದ ಕ್ಲಬ್ ಸೇರಿ ನೀವು ಎಷ್ಟೇ ಗೋಲು ಹೊಡೆಯಿರಿ, ಕ್ಲಬ್ಬು ಇನ್ನೊಬ್ಬ ತಾರೆಯನ್ನು ಕೊಂಡು ತಂದು ನಿಮ್ಮನ್ನು ಕೆಳಗಿನ ದರ್ಜೆಯ ಕ್ಲಬ್ಬಿಗೆ ಎರವಲು ಕಳಿಸಿಯೇ ಕಳಿಸುತ್ತದೆ. ಕತೆಗೆ ಅಲ್ಲೊಂದು ಸೋಲು ಬೇಕಾಗಿತ್ತು. ಆಟಗಾರ ಮಾತ್ರ ಸೋತಿರಲಿಲ್ಲ. ಹ್ಯಾಟ್ರಿಕ್ ಹೊಡೆದವನನ್ನು ಬೆಂಚಿಗೆ ಕೂರಿಸಿದರೆ ಯಾರು ಸಹಿಸುತ್ತಾರೆ?

2017ರಲ್ಲಿ ಅಮೆರಿಕನ್ ಫುಟ್‌ಬಾಲಿನ ‘ಮ್ಯಾಡನ್ 18’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ‘ಲಾಂಗ್‌ಶಾಟ್’ ಎಂಬ ಅದರ ಕಥಾಭಾಗ ಕೆಲವೇ ಗಂಟೆಗಳದ್ದು. ಟೆಕ್ಸಸ್ಸಿನ ಸಣ್ಣ ಊರಿನ ಡೆವಿನ್ ವೇಡ್ ಆಟ ಬಿಟ್ಟವನು, ಮತ್ತೆ ಅವಕಾಶಕ್ಕೆ ಹಂಬಲಿಸುತ್ತಾನೆ. ತಂದೆಯ ಪಾತ್ರ ಆ ವರ್ಷವಷ್ಟೇ ಆಸ್ಕರ್ ಗೆದ್ದಿದ್ದ ಮಹರ್ಶಲಾ ಅಲಿ ಅವರದು. ನಟನೆಗೆ ಹೊಗಳಿಕೆ ಬಂತು. ಆಡಿದವರು ಕೇಳಿದ್ದು ಒಂದೇ: ಫುಟ್‌ಬಾಲ್ ಎಲ್ಲಿ? ಬಹುಪಾಲು ಹೊತ್ತು ದೃಶ್ಯ ನೋಡಿ, ನಡುವೆ ಸೂಚನೆ ಬಂದಾಗ ಗುಂಡಿ ಒತ್ತಿ, ಉತ್ತರಗಳಲ್ಲೊಂದನ್ನು ಆರಿಸಿದರೆ ಮುಗಿಯಿತು.

ಗಮನಿಸಿ, ಈ ಮೂರರಲ್ಲೂ ಕತೆ ಕೆಟ್ಟದ್ದೆಂದು ಹೇಳಿದವರು ಕಡಿಮೆ. ಕತೆ ಶುರುವಾದೊಡನೆ ಕಂಟ್ರೋಲರ್ ಹಿಡಿದ ಕೈಗೆ ಕೆಲಸವಿಲ್ಲದಂತಾಯಿತು, ಅಥವಾ ಕೈ ಮಾಡಿದ ಕೆಲಸಕ್ಕೆ ಬೆಲೆಯಿಲ್ಲದಂತಾಯಿತು ಎಂಬುದೇ ದೂರು.

ಎಡಗೈಯ ಗುದ್ದಾಟ

ಇದಕ್ಕೆ ಉತ್ತರ ಮೊದಲೇ ಸಿಕ್ಕಿತ್ತು ಎನ್ನುವುದು ನನ್ನ ಅಭಿಪ್ರಾಯ. 2011ರ ‘ಫೈಟ್ ನೈಟ್ ಚಾಂಪಿಯನ್’ ಬಾಕ್ಸಿಂಗ್ ಆಟ. ಆಂಡ್ರೆ ಬಿಷಪ್ ಎಂಬ ಬಾಕ್ಸರನನ್ನು ಸುಳ್ಳು ಆರೋಪದಲ್ಲಿ ಜೈಲಿಗೆ ಹಾಕುತ್ತಾರೆ. ಹೊರಬಂದು ಮತ್ತೆ ರಿಂಗಿಗಿಳಿಯುತ್ತಾನೆ. ಕತೆಯಾಗಿ ನೋಡಿದರೆ ನೂರು ಸಿನಿಮಾದಲ್ಲಿ ಬಂದದ್ದು. ಆದರೆ ಒಂದು ಪಂದ್ಯದಲ್ಲಿ ಅವನ ಬಲಗೈ ಮುರಿಯುತ್ತದೆ. ಆಮೇಲಿನ ಸುತ್ತುಗಳನ್ನು ನೀವು ಎಡಗೈ ಒಂದರಿಂದಲೇ ಆಡಬೇಕು. ಅಷ್ಟು ಹೊತ್ತು ರೂಢಿಯಾಗಿದ್ದ ಬಲಗೈಯ ಹೊಡೆತಕ್ಕೆ ಹೆಬ್ಬೆರಳು ತಾನಾಗಿಯೇ ಹೋಗುತ್ತದೆ, ನೀವು ತಡೆಯುತ್ತೀರಿ. ನೋವಾಯಿತು ಎಂದು ಯಾವ ಪಾತ್ರವೂ ಭಾಷಣ ಬಿಗಿಯುವುದಿಲ್ಲ. ಆ ಪಂದ್ಯ ಆಡಿದವರು ವರ್ಷಗಳ ಮೇಲೂ ಅದನ್ನು ನೆನೆಯುತ್ತಾರೆ.

ದೆಸ್ಪೆಲೋತೆ ಮಾಡುವುದೂ ಇದನ್ನೇ, ಜೋರಿಲ್ಲದೆ. ಅದರಲ್ಲಿ ಚೆಂಡು ಒದೆಯಲು ಗುಂಡಿಯಿಲ್ಲ. ಕಂಟ್ರೋಲರಿನ ಬಲಗಡೆಯ ಪುಟ್ಟ ಕಡ್ಡಿಯನ್ನು ಹೆಬ್ಬೆರಳಿನಿಂದ ಚಿಮ್ಮಬೇಕು. ಮೊದಲಿಗೆ ಚೆಂಡು ಎಲ್ಲೆಲ್ಲೋ ಹೋಗುತ್ತದೆ, ಯಾರದೋ ಕಾಲಿಗೆ ಬಡಿಯುತ್ತದೆ. ದೊಡ್ಡವರು ಬೈಯುತ್ತಾರೆ, ಕೆಲವರು ತಿರುಗಿ ಒದ್ದು ಕೊಡುತ್ತಾರೆ. ಕತೆಗೆ ಸಂಬಂಧಿಸಿದ ಮುಖ್ಯ ಮಾತು ಹಿಂದುಗಡೆ ನಡೆಯುತ್ತಿರುವಾಗ ನಿಮ್ಮ ಗಮನವೆಲ್ಲ ಚೆಂಡಿನ ಮೇಲೆ. ಎಂಟು ವರ್ಷದ ಮಕ್ಕಳು ಇರುವುದು ಹೀಗೆಯೇ ಅಲ್ಲವೇ? ಅಪ್ಪ ಅಮ್ಮನ ಸಾಲದ ಮಾತು ಕಿವಿಗೆ ಬೀಳುತ್ತದೆ, ಒಳಗೆ ಇಳಿಯುವುದು ಹತ್ತು ವರ್ಷ ಕಳೆದ ಮೇಲೆ.

‘ಮಾಡಲು ಏನೂ ಇಲ್ಲ’ ಎಂಬ ದೂರಿಗೆ ಹೀಗಾಗಿ ನನ್ನ ಒಪ್ಪಿಗೆಯಿಲ್ಲ. ಮಾಡಲು ಇರುವುದು ಒಂದೇ ಕೆಲಸ, ಅದನ್ನು ಆಟ ಮೊದಲಿಂದ ಕೊನೆಯವರೆಗೆ ನಮ್ಮ ಕೈಯಿಂದ ಕಿತ್ತುಕೊಳ್ಳುವುದಿಲ್ಲ. ಮ್ಯಾಚು ಗೆಲ್ಲಬೇಕೆಂದು ಬಂದವರಿಗೆ ಇದು ಹಿಡಿಸಲಿಕ್ಕಿಲ್ಲ, ಅದು ಅವರ ತಪ್ಪೂ ಅಲ್ಲ. ಅಂಗಡಿಯ ಪುಟದಲ್ಲಿ ಫುಟ್‌ಬಾಲ್ ಎಂದು ಕಂಡರೆ ಫುಟ್‌ಬಾಲನ್ನು ನಿರೀಕ್ಷಿಸುವುದು ಸಹಜ.

ಕಾಲಮಿತಿಯ ತಕರಾರು

ಉದ್ದದ ಮಾತು ಕರಾವಳಿಯವರಿಗೆ ಹೊಸತಲ್ಲ. ಯಕ್ಷಗಾನ ಇಡೀ ರಾತ್ರಿಯಿಂದ ಕಾಲಮಿತಿಗೆ ಬಂದಾಗ ಆದ ವಾದಗಳನ್ನು ನೆನಪಿಸಿಕೊಳ್ಳಿ. ಚೌಕಿಪೂಜೆ ಮುಗಿದು ಬೆಳಗಿನವರೆಗೆ ನಡೆಯುತ್ತಿದ್ದ ಪ್ರಸಂಗವನ್ನು ಮೂರು ನಾಲ್ಕು ಗಂಟೆಗೆ ಇಳಿಸಿದರೆ ಪೂರ್ವರಂಗ ಎಲ್ಲಿ, ಅರ್ಥಗಾರಿಕೆಗೆ ಪುರುಸೊತ್ತೆಲ್ಲಿ ಎಂದು ಹಿರಿಯರು ಕೇಳಿದರು. ಮರುದಿನ ಆಫೀಸಿಗೆ ಹೋಗಬೇಕಾದವರು ಸುಮ್ಮನೆ ಕಾಲಮಿತಿಗೇ ಹೋಗಿ ಕೂತರು. ಕಾಲಮಿತಿಯಲ್ಲೂ ಎರಡು ಬಗೆ ಇದೆ ಎಂದು ನೋಡುತ್ತ ನೋಡುತ್ತ ಗೊತ್ತಾಯಿತು. ಒಂದು, ಇಡೀ ರಾತ್ರಿಯ ಪ್ರಸಂಗವನ್ನು ಕತ್ತರಿಸಿ ಓಡಿಸುವುದು. ಇನ್ನೊಂದು, ಅಷ್ಟೇ ಹೊತ್ತಿಗೆಂದು ಕಟ್ಟಿದ್ದು. ಮೊದಲನೆಯದರಲ್ಲಿ ಎದ್ದು ಬರುವಾಗ ಏನೋ ತಪ್ಪಿಹೋದ ಹಾಗೆ, ಎರಡನೆಯದರಲ್ಲಿ ಹಾಗಾಗುವುದಿಲ್ಲ.

ಸಣ್ಣ ಗೇಮುಗಳ ಮೇಲಿನ ಅಭಿಪ್ರಾಯಗಳನ್ನು ಓದುವಾಗ ಇದನ್ನು ಜೊತೆಗಿಟ್ಟುಕೊಳ್ಳಬೇಕು. ‘ಲಾಂಗ್‌ಶಾಟ್’ ಸಣ್ಣದಾದದ್ದು ದೊಡ್ಡ ಆಟದೊಳಗಿನ ಒಂದು ತುಂಡಾಗಿ. ದೆಸ್ಪೆಲೋತೆ ಎರಡು ಗಂಟೆಗೆಂದೇ ಹುಟ್ಟಿದ್ದು. ಅದಕ್ಕೆ ಇನ್ನೆಂಟು ಗಂಟೆ ಸೇರಿಸಿದ್ದರೆ ಪಾರ್ಕಿನಲ್ಲಿ ಕಳೆದುಹೋದ ನಾಯಿ ಹುಡುಕು, ಹತ್ತು ಬಾಟಲಿ ಬೀಳಿಸು ಎಂಬ ಮನೆಗೆಲಸ ಶುರುವಾಗುತ್ತಿತ್ತು.

ಈ ಜಗಳ ಕ್ರೀಡೆಯ ಆಟಗಳಾಚೆಗೂ ಹಬ್ಬಿದೆ. 2013ರಲ್ಲಿ ‘ಗಾನ್ ಹೋಮ್’ ಬಂದಾಗ ಖಾಲಿ ಮನೆಯೊಂದರಲ್ಲಿ ಓಡಾಡಿ ಕುಟುಂಬದ ಕತೆ ಕಂಡುಕೊಳ್ಳುವ ಆ ಆಟಕ್ಕೆ ಕೆಲವು ವಿಮರ್ಶಕರು ಪೂರ್ತಿ ಅಂಕ ಕೊಟ್ಟರು. ಎರಡು ಮೂರು ಗಂಟೆಗೆ 20 ಡಾಲರೇ ಎಂದು ಆಟಗಾರರಲ್ಲಿ ಹಲವರು ಕೆರಳಿದರು. ‘ನಡೆದಾಡುವ ಆಟ’ ಎಂದು ಹೀಯಾಳಿಸುವ ರೂಢಿ ಬಲವಾದದ್ದು ಆ ಹೊತ್ತಿನಲ್ಲೇ.

ಹೆಬ್ಬೆರಳ ತೀರ್ಪು

ಈ ಅಭಿಪ್ರಾಯಗಳು ಬರುವುದೆಲ್ಲಿಂದ, ಅವಕ್ಕೆ ತೂಕವೇನು? ಕಂಪ್ಯೂಟರಿನಲ್ಲಿ ಆಡುವವರು ಆಟ ಕೊಳ್ಳುವ ಅತಿದೊಡ್ಡ ಅಂಗಡಿ ‘ಸ್ಟೀಮ್’. ವಾಲ್ವ್ ಎಂಬ ಅಮೆರಿಕನ್ ಕಂಪನಿ ಅದನ್ನು ನಡೆಸುತ್ತದೆ. ಅಲ್ಲಿ ಐದು ನಕ್ಷತ್ರ, ಹತ್ತು ಅಂಕ ಇಲ್ಲ. ಹೆಬ್ಬೆರಳು ಮೇಲೆ ಅಥವಾ ಕೆಳಗೆ. ಜೊತೆಗೆ ನಾಲ್ಕು ಮಾತು ಬರೆಯಬಹುದು. ನೀವು ಎಷ್ಟು ಗಂಟೆ ಆಡಿದ್ದೀರಿ ಎಂಬುದು ನಿಮ್ಮ ಮಾತಿನ ಪಕ್ಕದಲ್ಲೇ ಕಾಣುತ್ತದೆ. ಮೆಚ್ಚಿದವರ ಶೇಕಡಾವಾರು ಲೆಕ್ಕದ ಮೇಲೆ ಆಟಕ್ಕೆ ಒಂದು ಹಣೆಪಟ್ಟಿ ಬೀಳುತ್ತದೆ. ಶೇ 70ರ ಕೆಳಗಿಳಿದರೆ ‘ಮಿಶ್ರ’ ಎಂದಾಗುತ್ತದೆ. ಸಣ್ಣ ತಂಡದ ಆಟಕ್ಕೆ ಆ ಪದ ಬಿದ್ದರೆ ಮಾರಾಟಕ್ಕೆ ಪೆಟ್ಟು.

ಈ ವ್ಯವಸ್ಥೆಯಲ್ಲಿ ಒಂದು ಕೊರತೆಯಿದೆ. ‘ಚೆನ್ನಾಗಿದೆ, ಆದರೆ ಬೆಲೆ ಇಳಿದ ಮೇಲೆ ಕೊಳ್ಳಿ’ ಎನ್ನುವವನು ಯಾವ ಕಡೆಗೆ ಹೆಬ್ಬೆರಳು ತೋರಿಸಬೇಕು? ಕೆಲವರು ಮೇಲಕ್ಕೆ ತೋರಿಸುತ್ತಾರೆ, ಕೆಲವರು ಕೆಳಕ್ಕೆ. ಮಾತು ಎರಡರಲ್ಲೂ ಒಂದೇ ಇರುತ್ತದೆ. ಸಣ್ಣ ಆಟಗಳ ಕೆಳಮುಖ ಹೆಬ್ಬೆರಳುಗಳನ್ನು ಬಿಡಿಸಿ ಓದಿದರೆ ಹಲವು ಇಂಥವೇ. ಆದ್ದರಿಂದ ಹಣೆಪಟ್ಟಿ ನೋಡಿ ನಿರ್ಧರಿಸುವುದಕ್ಕಿಂತ ಹತ್ತು ಮಂದಿಯ ಬರಹ ಓದುವುದು ವಾಸಿ. ಅದರಲ್ಲೂ ಪೂರ್ತಿ ಆಡಿ ಬೈದವರ ಬರಹ. ಹತ್ತು ನಿಮಿಷ ಆಡಿ ಹೊಗಳಿದವರದ್ದರಿಂದ ಪ್ರಯೋಜನ ಕಡಿಮೆ.

ಇನ್ನೊಂದು ನಿಯಮ ಇದಕ್ಕಿಂತ ತೀಕ್ಷ್ಣ. 2015ರ ಜೂನ್‌ನಿಂದ ಸ್ಟೀಮಿನಲ್ಲಿ ಕೊಂಡ ಆಟವನ್ನು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಕಾರಣ ಕೇಳದೆ ಹಿಂದಿರುಗಿಸಿ ಹಣ ಪಡೆಯಬಹುದು. ಗ್ರಾಹಕನಿಗೆ ಇದು ಒಳ್ಳೆಯ ನಿಯಮ. ಲ್ಯಾಪ್‌ಟಾಪಿನಲ್ಲಿ ಓಡದ ಆಟಕ್ಕೆ ದುಡ್ಡು ಕಳೆದುಕೊಳ್ಳಬೇಕಾಗಿಲ್ಲ. ಆದರೆ ಒಂದೂವರೆ ಗಂಟೆಗೆ ಮುಗಿಯುವ ಆಟದ ಗತಿ? ಪೂರ್ತಿ ಆಡಿ, ಕಣ್ಣು ಒರೆಸಿಕೊಂಡು, ಹಣವನ್ನೂ ವಾಪಸ್ ತೆಗೆದುಕೊಳ್ಳಬಹುದು. 2021ರ ಆಗಸ್ಟಿನಲ್ಲಿ ‘ಸಮ್ಮರ್ ಆಫ್ 58’ ಎಂಬ ಪುಟ್ಟ ದೆವ್ವದ ಆಟ ಮಾಡಿದವರು, ತಮ್ಮ ಆಟ ಎರಡು ಗಂಟೆ ದಾಟದ ಕಾರಣ ಬಹಳ ಮಂದಿ ಹಣ ಹಿಂಪಡೆದರು, ಹೀಗಾಗಿ ಆಟ ಮಾಡುವುದನ್ನೇ ಸದ್ಯಕ್ಕೆ ಬಿಡುತ್ತೇನೆ ಎಂದು ಹೇಳಿದ್ದು ದೊಡ್ಡ ಸುದ್ದಿಯಾಯಿತು. ಆಡಿದವರ ಅಭಿಪ್ರಾಯಗಳು ಬಹುಪಾಲು ಒಳ್ಳೆಯವೇ ಆಗಿದ್ದವು ಎಂಬುದು ಇದರಲ್ಲಿನ ವಿಪರ್ಯಾಸ.

ಗಂಟೆಗೆ ಇಷ್ಟು ರೂಪಾಯಿ ಎಂಬ ಲೆಕ್ಕ ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ತಿಂಗಳ ಖರ್ಚಿಗೆ ಮನೆಯಿಂದ ಬರುವ ದುಡ್ಡಿನಲ್ಲಿ ಮೆಸ್ಸಿನಾಚೆಯ ಊಟ, ರಜೆಗೆ ಊರಿಗೆ ಹೋಗುವ ಬಸ್ಸು ಎಲ್ಲ ಆಗಬೇಕಾದಾಗ ಲೆಕ್ಕ ಹಾಕದಿರಲು ಆಗುವುದಿಲ್ಲ. 70 ಡಾಲರಿನ ದೊಡ್ಡ ಫುಟ್‌ಬಾಲ್ ಆಟ ವರ್ಷವಿಡೀ ಆರು ಮಂದಿಗೆ ಸಾಕು. ಈ ಲೆಕ್ಕದಲ್ಲಿ 15 ಡಾಲರಿನ ಎರಡು ಗಂಟೆ ಸೋಲುವುದೇ ಸರಿ. ಅದಕ್ಕೇ ‘ಸೇಲ್ ಬರಲಿ’ ಎಂದು ಕಾಯುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಅದೇ ಲೆಕ್ಕವನ್ನು ಪುಸ್ತಕಕ್ಕೋ ಸಿನಿಮಾಕ್ಕೋ ಯಾರೂ ಹಾಕುವುದಿಲ್ಲ.

ನಮ್ಮ 2001 ಯಾವುದು?

ಇಷ್ಟೆಲ್ಲ ಓದಿದ ಮೇಲೆ ನನಗೆ ಕಾಡುವ ಪ್ರಶ್ನೆ ಬೇರೆ. ಕಿಟೊದ ಇಬ್ಬರು ತಮ್ಮ ಊರಿನ ಒಂದು ವರ್ಷವನ್ನು ಹೀಗೆ ಆಟವಾಗಿ ಇಡಬಲ್ಲರಾದರೆ ಮಣಿಪಾಲದಲ್ಲಿ ಕೂತವರಿಗೆ ಏನು ಅಡ್ಡಿ?

ಕೆಲಸ ಬಲ್ಲ ಕೈಗಳಿಗೆ ಕರ್ನಾಟಕದಲ್ಲಿ ಬರವಿಲ್ಲ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಶುರುಮಾಡಿದ ಧ್ರುವ ಇಂಟರಾಕ್ಟಿವ್ ‘ಫೋರ್ಝಾ’ ಕಾರ್ ರೇಸಿನಂಥ ಹೊರದೇಶದ ದೊಡ್ಡ ಆಟಗಳಿಗೆ ಚಿತ್ರಕೆಲಸ ಮಾಡಿಕೊಟ್ಟಿತು. 2019ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೊ’ ಮಾಡುವ ರಾಕ್‌ಸ್ಟಾರ್ ಕಂಪನಿ ಅದನ್ನು ಕೊಂಡಿತು. ಅನಿಮೇಷನ್ ಮತ್ತು ಗೇಮಿಂಗ್‌ಗೆಂದೇ ರಾಜ್ಯ ಸರ್ಕಾರ 2012ರಲ್ಲಿ ನೀತಿ ತಂದಿತು, 2024–29ರ ಅವಧಿಗೆ ಅದನ್ನು ಹೊಸದಾಗಿಸಿತು. ನಮ್ಮವರು ಬರೆದ ಕಾರುಗಳು ಅಮೆರಿಕದ ರಸ್ತೆಯಲ್ಲಿ ಓಡುತ್ತಿವೆ. ಕಾಪುವಿನ ದೀಪಸ್ತಂಭದ ಬದಿಯ ರಸ್ತೆಯಲ್ಲಿ ಓಡುವ ಆಟ ಯಾಕಿಲ್ಲ ಎಂದರೆ ಕೌಶಲದ ಕೊರತೆ ಕಾರಣವಲ್ಲ.

ದೇಶದಲ್ಲಿ ಪ್ರಯತ್ನ ಆಗಿಲ್ಲವೆಂದಲ್ಲ. 2017ರ ಡಿಸೆಂಬರಿನಲ್ಲಿ ಪುಣೆಯ ಜೆಟ್‌ಸಿಂಥೆಸಿಸ್ ಕಂಪನಿ ‘ಸಚಿನ್ ಸಾಗಾ’ ಎಂಬ ಮೊಬೈಲ್ ಆಟ ತಂದಿತು. ತೆಂಡೂಲ್ಕರ್ ಆಡಿದ ಹೆಸರಾಂತ ಇನಿಂಗ್ಸುಗಳನ್ನು ನಾವೇ ಆಡಬಹುದು. ಮಹಾಪುರುಷನ ಜಾಗದಲ್ಲಿ ನಿಂತು ಗೆಲ್ಲುವ ಆಟ ಇದು. ನಮ್ಮಲ್ಲಿ ಕ್ರೀಡೆಯ ಕತೆ ಎಂದರೆ ಹೀಗೇ, ಸಿನಿಮಾದಲ್ಲೂ. ನೋಡುತ್ತಿದ್ದವರ ಕತೆಗೆ ಯಾರೂ ಕೈ ಹಾಕುವುದಿಲ್ಲ.

1996ರ ಮಾರ್ಚ್ 9ನ್ನು ತೆಗೆದುಕೊಳ್ಳಿ. ಶನಿವಾರ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಕಪ್ ಕ್ವಾರ್ಟರ್ ಫೈನಲ್, ಎದುರಾಳಿ ಪಾಕಿಸ್ತಾನ. ಬೌಂಡರಿ ಹೊಡೆದು ಕೈ ತೋರಿಸಿದ ಆಮಿರ್ ಸೊಹೈಲ್ ಅವರ ಸ್ಟಂಪನ್ನು ನಮ್ಮ ವೆಂಕಟೇಶ್ ಪ್ರಸಾದ್ ಮುಂದಿನ ಚೆಂಡಿಗೇ ಹಾರಿಸಿದ ರಾತ್ರಿ. ಭಾರತ 39 ರನ್ನುಗಳಿಂದ ಗೆದ್ದಿತು. ಆಗ ಉಡುಪಿ ಜಿಲ್ಲೆಯೇ ಇರಲಿಲ್ಲ, ಅದು ಆದದ್ದು ಮರುವರ್ಷ. ಆ ಸಂಜೆ ಪರ್ಕಳದಲ್ಲೋ ಕಟಪಾಡಿಯಲ್ಲೋ ಎಂಟು ವರ್ಷದ ಒಬ್ಬ ಹುಡುಗಿ, ಮನೆಯೆದುರಿನ ಅಂಗಳದಲ್ಲಿ ಅಣ್ಣಂದಿರ ಜೊತೆ ಅಂಡರ್‌ಆರ್ಮ್ ಆಡುತ್ತಿದ್ದಾಳೆ. ತೆಂಗಿನ ಬುಡಕ್ಕೆ ಬಡಿದರೆ ಎರಡು ರನ್, ಬಾವಿಗೆ ಬಿದ್ದರೆ ಔಟ್. ಒಳಗೆ ಟಿ.ವಿ. ಮುಂದೆ ಇಡೀ ವಠಾರ ಸೇರಿದೆ. ಮುಂಬೈ ಹೋಟೆಲಿನಿಂದ ರಜೆಗೆ ಬಂದ ಮಾವ ಹಿಂದಿರುಗುವ ಮಾತಾಡುತ್ತಿದ್ದಾನೆ. ಕರೆಂಟು ಹೋಗುತ್ತದೆ. ಯಾರೋ ರೇಡಿಯೊ ಹುಡುಕುತ್ತಾರೆ. ಇಂಥ ಆಟದಲ್ಲಿ ಗೆಲ್ಲುವುದೇನಿಲ್ಲ, ಆದರೆ ಚೆಂಡು ಪ್ರತಿಕ್ಷಣವೂ ಅವಳ ಕೈಯಲ್ಲಿದೆ.

ಕೆಸರುಗದ್ದೆಯಲ್ಲಿ ಕೋಣ ಓಡಿಸುವ ಕಂಬಳವಂತೂ ಕೈಗೆಟುಕುವ ದೂರದಲ್ಲೇ ಇದೆ. ಕಾರ್ಕಳದ ಮಿಯಾರಿನ ಲವ–ಕುಶ ಜೋಡುಕರೆ, ಕಾಪು ತಾಲ್ಲೂಕಿನ ಕಟಪಾಡಿ ಬೀಡಿನ ಕರೆ, ಈ ಎರಡೂ ಓಟದ ಗದ್ದೆಗಳು ಮಣಿಪಾಲದಿಂದ ಒಂದು ತಾಸಿನ ಒಳಗೆ. 2020ರ ಫೆಬ್ರುವರಿ 1ರಂದು ಐಕಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಅದನ್ನು ನೂರು ಮೀಟರಿಗೆ ಇಳಿಸಿ, ಉಸೇನ್ ಬೋಲ್ಟ್ ಅವರ 9.58ಕ್ಕೆ ಹೋಲಿಸಿ ದೇಶವೆಲ್ಲ ಕುಣಿಯಿತು. ಕೆಸರುನೀರಿನಲ್ಲಿ ಕೋಣಗಳು ಎಳೆದೊಯ್ಯುವ ಓಟಕ್ಕೂ ಒಣ ಟ್ರ್ಯಾಕಿನ ಓಟಕ್ಕೂ ಹೋಲಿಕೆಯೇ ಸಲ್ಲ ಎಂದು ಕಂಬಳ ಬಲ್ಲವರು ಆಗಲೇ ಹೇಳಿದ್ದರು. ಕ್ರೀಡಾ ಪ್ರಾಧಿಕಾರ ಟ್ರಯಲ್ಸ್‌ಗೆ ಕರೆದರೂ ಗೌಡರು ಒಪ್ಪಲಿಲ್ಲ. ಗೇಮ್ ಕಂಪನಿಯೊಂದು ಇದನ್ನು ಹಿಡಿದರೆ ಆ 13 ಸೆಕೆಂಡನ್ನೇ ಹಿಡಿಯುತ್ತದೆ: ಬೇಗ ಬೇಗ ಗುಂಡಿ ಒತ್ತು, ಗೆಲ್ಲು. ಕತೆಯಿರುವುದು ಉಳಿದ ವರ್ಷದಲ್ಲಿ. ಕೋಣಕ್ಕೆ ಹುರುಳಿ ಬೇಯಿಸುವುದು, ಎಣ್ಣೆ ತಿಕ್ಕುವುದು, ಈಜಿಸುವುದು, ಓಟದ ವಿಭಾಗ ಹಗ್ಗ ಹಿರಿಯವೋ ನೇಗಿಲು ಕಿರಿಯವೋ ಎಂದು ಮನೆಮಂದಿ ಚರ್ಚಿಸುವುದು, ನ್ಯಾಯಾಲಯದ ತೀರ್ಪಿಗಾಗಿ ವರ್ಷಗಟ್ಟಲೆ ಕಾಯುವುದು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕಂಬಳಕ್ಕೆ ಅನುವು ಮಾಡಿದ ಕಾನೂನನ್ನು ಎತ್ತಿಹಿಡಿದ ದಿನ ಆ ಮನೆಗಳಲ್ಲಿ ಏನೇನಾಗಿರಬಹುದು ಎಂಬುದೇ ಒಂದು ಅಧ್ಯಾಯ.

ಇದಕ್ಕೆ ಕೋಟಿಗಟ್ಟಲೆ ಬಂಡವಾಳ ಬೇಡ. ಕಿಟೊದವರಂತೆ ಫೋಟೊ, ರೇಖಾಚಿತ್ರ ಮತ್ತು ನಿಜವಾದ ಸದ್ದುಗಳಿಂದ ಕಟ್ಟಬಹುದು. ಬೇಕಾದದ್ದು ಒಂದೆರಡು ವರ್ಷಗಳ ತಾಳ್ಮೆ, ಕೋಡಿಂಗ್ ಬಲ್ಲ ಒಬ್ಬರು, ಚಿತ್ರ ಬರೆಯುವ ಒಬ್ಬರು, ಊರಿನ ಮಾತನ್ನು ಸರಿಯಾಗಿ ಕೇಳಿಸಿಕೊಂಡವರೊಬ್ಬರು. ಎಂಜಿನಿಯರಿಂಗ್, ವಾಸ್ತುಶಿಲ್ಪ, ಸಂವಹನ ಕಾಲೇಜುಗಳು ಒಂದೇ ಗುಡ್ಡದ ಮೇಲಿರುವ ಊರಿನಲ್ಲಿ ಇಂಥ ಮೂವರು ಸಿಗುವುದು ಕಷ್ಟವಾಗಬಾರದು. ಟೆಕ್‌ತತ್ವದಂಥ ಕಾಲೇಜು ಉತ್ಸವಗಳಲ್ಲಿ ಆಡುವ ಸ್ಪರ್ಧೆಯ ಜೊತೆಗೆ ಮಾಡುವ ಸ್ಪರ್ಧೆಗೂ ಇನ್ನಷ್ಟು ಜಾಗ ಸಿಕ್ಕರೆ ಶುರು ಅಲ್ಲಿಂದಲೇ ಆದೀತು.

ಆಡಿ ನೋಡುವವರಿಗೆ

ದೆಸ್ಪೆಲೋತೆ ಕಂಪ್ಯೂಟರಿನಲ್ಲಿ, ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸಿನಲ್ಲಿ ಸಿಗುತ್ತದೆ. ಮಾತು ಸ್ಪ್ಯಾನಿಷಿನಲ್ಲಿ, ಜೊತೆಗೆ ಇಂಗ್ಲಿಷ್ ಸಾಲುಗಳು ಬರುತ್ತವೆ. ಕೀಬೋರ್ಡಿಗಿಂತ ಕಂಟ್ರೋಲರ್ ಇದ್ದರೆ ಒಳ್ಳೆಯದು, ಚೆಂಡು ಒದೆಯುವ ಸುಖ ಇರುವುದು ಅದರಲ್ಲೇ. ಬೆಲೆ ಹೆಚ್ಚೆನಿಸಿದರೆ ಸೇಲಿಗೆ ಕಾಯಿರಿ. ಒಂದೇ ಕೂರಿಕೆಯಲ್ಲಿ ಆಡಿ. ಇಷ್ಟವಾಗದಿದ್ದರೆ ಯಾಕೆಂದು ನಾಲ್ಕು ಸಾಲು ಬರೆಯಿರಿ, ಮಾಡಿದವರು ಓದುತ್ತಾರೆ. ಅರ್ಧ ಗಂಟೆಗೇ ಬೇಸರ ಬಂದರೆ ಹಣ ವಾಪಸ್ ಕೇಳಿ, ಅದು ನಿಮ್ಮ ಹಕ್ಕು. ಕೊನೆಯವರೆಗೆ ಆಡಿದ್ದರೆ ಮಾತ್ರ ದಯವಿಟ್ಟು ಕೇಳಬೇಡಿ.